ಕೊಯ್ಯದೆ ಬಿಟ್ಟ ರಾಗಿ

ಹೆಬ್ಬಗೋಡಿಯ ಹಿಂಬದಿಯಲ್ಲಿ ಎದ್ದು ನಿಂತಿದ್ದ ಹನ್ನೊಂದು ಅಂತಸ್ತಿನ ಅಪಾರ್ಟ್‌ಮೆಂಟಿಗೆ ಹೊರಬಣ್ಣ ಬಳಿಯುವ ಕೆಲಸದಲ್ಲಿ ಯಮನಪ್ಪನ ಪಾಲಿಗೆ ಬಂದದ್ದು ಪೂರ್ವದ ಗೋಡೆ. ಆಗ ಹೊಸೂರು ರಸ್ತೆಯ ಮೇಲ್ಸೇತುವೆ ಇನ್ನೂ ಮುಗಿದಿರಲಿಲ್ಲ. ರಸ್ತೆ ಕಡೆಯ ಗೋಡೆ ಸಿಕ್ಕವರು ದಿನವಿಡೀ ಧೂಳು ಕುಡಿಯುತ್ತಿದ್ದರು. ಪೂರ್ವದ ಕಡೆ ಆ ಕಾಟವಿರಲಿಲ್ಲ. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಕೆಳಗೆ ನೋಡಿದರೆ ಒಂದೂವರೆ ಎಕರೆ ರಾಗಿ ಹೊಲ. ಅದರ ಒಂದು ಮಗ್ಗುಲಿಗೆ ಕಾರ್ಖಾನೆಯ ಶೀಟಿನ ಗೋಡೌನು, ಇನ್ನೊಂದು ಮಗ್ಗುಲಿಗೆ ಬಾಡಿಗೆ ಕೋಣೆಗಳ ಉದ್ದ ಸಾಲು, ಆಚೆ ತುದಿಗೆ ಹೊಲದವರ ಹೆಂಚಿನ ಮನೆ. ಸುತ್ತಮುತ್ತ ಉಳಿದುಕೊಂಡಿದ್ದ ಹೊಲ ಅದೊಂದೇ. ರಾಗಿಯ ನಡುವೆ ಅಲ್ಲಲ್ಲಿ ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕಿದ್ದರು. ಅಕ್ಟೋಬರಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟಾಗ ಯಮನಪ್ಪ ಬ್ರಷ್ಷನ್ನು ಡಬ್ಬಿಯಲ್ಲಿ ಬಿಟ್ಟು ಆ ಹಳದಿ ಸಾಲುಗಳನ್ನೇ ನೋಡುತ್ತ ಕೂತುಬಿಡುತ್ತಿದ್ದ. ಮೇಲಿಂದ ಮೇಸ್ತ್ರಿ ಕೂಗಿದಾಗಲೇ ಎಚ್ಚರ.

ಯಮನಪ್ಪ ಗುಳೇದಗುಡ್ಡದ ಕಡೆಯವನು. ಶಾಲೆಯಲ್ಲಿದ್ದಾಗ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಎರಡನ್ನೂ ಪಾಸು ಮಾಡಿದ್ದ. ಚಿತ್ರಕಲಾ ಶಾಲೆಗೆ ಸೇರುವ ಮುಂಚೆ ಎರಡು ತಿಂಗಳು ಕೈಖರ್ಚಿಗೆ ದುಡಿದು ಬರೋಣವೆಂದು ಅಕ್ಕನ ಗಂಡನ ಜೊತೆ ಬೆಂಗಳೂರಿಗೆ ಬಂದವನು ಒಂಬತ್ತು ವರ್ಷದಿಂದ ಗೋಡೆಗೆ ಬಣ್ಣ ಹೊಡೆಯುತ್ತಲೇ ಇದ್ದ. ಅದಕ್ಕಾಗಿ ಅವನು ಕೊರಗುತ್ತಿದ್ದನೆಂದೇನಲ್ಲ. ಕೆಲಸ ಕಲಿತಿದ್ದ, ಕೈ ನೇರವಾಗಿತ್ತು, ಹೆಂಡತಿ ಶಿವಗಂಗಾ ಬೊಮ್ಮಸಂದ್ರದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಚಿತ್ರ ಬರೆಯುವುದು ಊರಿನಲ್ಲಿ ಬಿಟ್ಟು ಬಂದ ಹಲವು ಸಂಗತಿಗಳಲ್ಲಿ ಒಂದಾಗಿ ಹೋಗಿತ್ತು.

ಹಾಗಿರುವಾಗ ಆ ವರ್ಷದ ಬೇಸಗೆಯಲ್ಲಿ ಸರ್ಜಾಪುರ ರಸ್ತೆಯ ಒಂದು ಫ್ಲ್ಯಾಟಿಗೆ ಮರುಬಣ್ಣ ಹೊಡೆಯಲು ಹೋದಾಗ, ಮನೆಯ ಮೇಡಂ ಮಗಳ ಹಳೆಯ ಸಾಮಾನನ್ನೆಲ್ಲ ಹೊರಗೆ ರಾಶಿ ಹಾಕಿ, ಬೇಕಾದ್ದು ತಗೊಳ್ಳಿ ಅಂದಿದ್ದರು. ಆ ರಾಶಿಯಲ್ಲಿ ಒಂದು ಜಲವರ್ಣದ ಪೆಟ್ಟಿಗೆ ಇತ್ತು. ಹನ್ನೆರಡು ಟ್ಯೂಬು, ಕೆಲವು ಗಟ್ಟಿಯಾಗಿದ್ದವು, ಕೆಲವನ್ನು ತೆರೆದೇ ಇರಲಿಲ್ಲ. ಎರಡು ಸಣ್ಣ ಬ್ರಷ್ಷು. ಜೊತೆಗೊಂದು ದಪ್ಪ ಹಾಳೆಯ ಪುಸ್ತಕ, ಅದರಲ್ಲಿ ಐದು ಹಾಳೆ ಉಳಿದಿದ್ದವು. ಯಮನಪ್ಪ ಅದನ್ನು ತಂದು ಕೋಣೆಯ ಸಜ್ಜದ ಮೇಲಿಟ್ಟ. ಆಗಾಗ ಇಳಿಸಿ, ತೆರೆದು ನೋಡಿ, ಮತ್ತೆ ಅಲ್ಲೇ ಇಡುತ್ತಿದ್ದ. ಐದು ತಿಂಗಳು ಹೀಗೇ ನಡೆಯಿತು. ಕೊನೆಗೆ ಶಿವಗಂಗಾಳೇ ಬಾಯಿ ಬಿಟ್ಟಳು.

"ಅದನ್ನ ನೋಡ್ಕೋತ ಎಷ್ಟ ದಿನಾ ಕೂಡ್ತೀರಿ? ಒಂದಾ ತಗದು ಬರೀರಿ, ಇಲ್ಲಾ ಆ ಜಾಗಾ ನನಗ ಬಿಡ್ರಿ. ಅಕ್ಕಿ ಡಬ್ಬಿ ಇಡಾಕ ಎಲ್ಲೂ ಜಾಗ ಇಲ್ಲ."

ಅವಳ ಮಾತು ನಾಟಿತು. ಸೈಟಿನಲ್ಲಿ ಬಿದ್ದಿದ್ದ ಮರದ ರೀಪಿನ ತುಂಡುಗಳನ್ನು ಆರಿಸಿ ಯಮನಪ್ಪ ಹಾಳೆ ಇಡಲು ಹಲಗೆಯಿರುವ ಮೂರು ಕಾಲಿನ ಒಂದು ಸ್ಟ್ಯಾಂಡ್ ಹೊಡೆದುಕೊಂಡ. ನವೆಂಬರಿನ ಮೊದಲ ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಅದನ್ನು ಹೆಗಲ ಮೇಲಿಟ್ಟುಕೊಂಡು ಹೊಲದ ಮೂಡಣ ಬದುವಿನ ಮೇಲೆ ಹೋಗಿ ನಿಂತ.

ಅಲ್ಲಿಂದ ನೋಡಿದರೆ ಎದುರಿಗೆ ಹೊಲ, ಅದರ ಒಂದು ಮೂಲೆಯಲ್ಲಿ ವಯಸ್ಸಾದ ಹೊಂಗೆ ಮರ, ಹಿಂದೆ ತಾನೇ ಬಣ್ಣ ಹೊಡೆದ ಗೋಡೆ. ಹುಚ್ಚೆಳ್ಳಿನ ಹೂ ಉದುರಿತ್ತು, ರಾಗಿ ಹಣ್ಣಾಗುತ್ತಿತ್ತು. ಯಮನಪ್ಪನಿಗೆ ಮೊದಲ ಅರ್ಧ ಗಂಟೆ ಕೈಯೇ ಓಡಲಿಲ್ಲ. ಪೆನ್ಸಿಲಿನಲ್ಲಿ ಮರ ಬರೆದ, ಅಳಿಸಿದ, ಮತ್ತೆ ಬರೆದ. ಆಮೇಲೆ ಧೈರ್ಯ ಮಾಡಿ ಆಕಾಶಕ್ಕೆ ನೀಲಿ ಹಚ್ಚತೊಡಗಿದ. ಅಷ್ಟರಲ್ಲಿ ಹೆಂಚಿನ ಮನೆಯ ಕಡೆಯಿಂದ ಒಬ್ಬ ಮುದುಕಿ ಬಿರಬಿರನೆ ಬಂದಳು. ಕೈಯಲ್ಲಿ ಕುಡುಗೋಲಿತ್ತು. ಅವನು ಏನಾದರೂ ಹೇಳುವ ಮೊದಲೇ, ಯಾರು ಕಳಿಸಿದರು ನಿನ್ನನ್ನು, ಇನ್ನೆಷ್ಟು ಅಳೀತೀರಿ, ಎಂದು ಕೇಳುತ್ತ ಸ್ಟ್ಯಾಂಡಿನ ಕಾಲನ್ನು ಒದ್ದಳು. ಸ್ಟ್ಯಾಂಡು ವಾಲಿತು. ನೀರಿನ ಡಬ್ಬಿ ಚೆಲ್ಲಿತು. ಹಾಳೆ ಮಗುಚಿ ಒದ್ದೆ ಮಣ್ಣಿನ ಮೇಲೆ ಬಿತ್ತು.

ಯಮನಪ್ಪ ಬಗ್ಗಿ ಹಾಳೆಯನ್ನು ಎತ್ತಿದ. ಆಕಾಶದ ತುಂಬ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಮುದುಕಿ ಅದನ್ನು ನೋಡಿದಳು. ಮೂಲೆಯಲ್ಲಿ ಪೆನ್ಸಿಲಿನ ಹೊಂಗೆ ಮರ ಉಳಿದಿತ್ತು. ಹಾಳೆಯನ್ನೊಮ್ಮೆ, ಮರವನ್ನೊಮ್ಮೆ ನೋಡಿದಳು. ಕುಡುಗೋಲನ್ನು ಸೆರಗಿನ ಹಿಂದೆ ಸರಿಸಿಕೊಂಡಳು.

"ಬೊಂಬೆ ಬರೀತಿದ್ದಾ ನೀನು?"

"ಹೂನ್ರಿ ಅಮ್ಮಾರ."

"ಬಾಯಿಲ್ವಾ ನಿಂಗೆ? ಯೋಳ್ಬಾರ್ದಾ?"

ಹೆಸರು ಪಿಳ್ಳಮ್ಮ, ಹೊಲ ಅವಳದು. ಹಿಂದಿನ ವರ್ಷ ಇದೇ ಬದುವಿನ ಮೇಲೆ ಇಬ್ಬರು ಬಂದು ಮೂರು ಕಾಲಿನ ಯಂತ್ರ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿಕೊಂಡು ಹೋಗಿದ್ದರಂತೆ. ಹದಿನೈದು ದಿನದಲ್ಲಿ ಕಲ್ಲು ನೆಟ್ಟರಂತೆ. ಹೊಲದ ಪಡುವಣ ಅಂಚು ಅಪಾರ್ಟ್‌ಮೆಂಟಿನ ದಾರಿಗೆ ಹೋಯಿತಂತೆ. ಅಂದಿನಿಂದ ಮೂರು ಕಾಲಿನದ್ದು ಏನು ಕಂಡರೂ ತನಗೆ ಮೈ ಉರಿಯುತ್ತದೆ ಎಂದಳು. ಹಾಳೆ ತೊಳೆದರೆ ಸರಿಹೋಗುತ್ತದೇನೋ ಎಂದು ಕೇಳಿದಳು. ಆಗುವುದಿಲ್ಲವೆಂದು ಅವನು ತಲೆ ಅಲ್ಲಾಡಿಸಿದಾಗ ಮನೆಗೆ ಹೋಗಿ ಒಂದು ಚೆಂಬು ಮಜ್ಜಿಗೆ ತಂದುಕೊಟ್ಟಳು. ಕುಡಿದು ಮುಗಿಸಿ, ಕೊಯ್ಲು ಯಾವಾಗ ಎಂದು ಯಮನಪ್ಪ ವಿಚಾರಿಸಿದ. ಬರುವ ಬುಧವಾರಕ್ಕೆ ಆಳು ಹೇಳಿಯಾಗಿತ್ತು.

"ಹಂಗಾರ ಮುಗೀತು ಬಿಡ್ರಿ," ಅಂದ ಯಮನಪ್ಪ. "ನಮಗ ಐತವಾರ ಒಂದ ಬಿಡುವು."

"ನೀನ್ ಬಾ. ನೋಡಾನ," ಅಂದಳು ಪಿಳ್ಳಮ್ಮ.

ಮನಸ್ಸಿಗೆ ಬೇಜಾರಾಗದಿರಲೆಂದು ಆಡಿದ ಮಾತೆಂದುಕೊಂಡ ಅವನು. ಸ್ಟ್ಯಾಂಡಿನ ಒಂದು ಕಾಲು ಸೀಳಿದ್ದರಿಂದ ಅದನ್ನು ಹೊಂಗೆ ಮರಕ್ಕೆ ಒರಗಿಸಿ ಬಂದ.

ಆ ವಾರವೇ ಕಂಟ್ರಾಕ್ಟರು ಎಲ್ಲರನ್ನೂ ರಸ್ತೆ ಕಡೆಯ ಗೋಡೆಗೆ ಹಾಕಿದ. ಮಳೆ ಬರುವ ಮುಂಚೆ ಮುಗಿಸಬೇಕು, ತಿಂಗಳ ಕೊನೆಗೆ ಮನೆಗಳ ಬೀಗದ ಕೈ ಕೊಡಬೇಕು, ಭಾನುವಾರದ ರಜೆ ಇಲ್ಲವೆಂದ. ಎರಡು ಭಾನುವಾರ ಯಮನಪ್ಪ ಹೊಸೂರು ರಸ್ತೆಯ ಬಸ್ಸು, ಲಾರಿಗಳ ಮೇಲೆ ತೂಗಾಡುತ್ತ ಕಳೆದ. ಹೊಲ ಕಟ್ಟಡದ ಆ ಬದಿಗಿತ್ತು. ಒಂದು ಸಲ ಸುತ್ತುಹಾಕಿ ಹೋಗಿ ನೋಡಬಹುದಿತ್ತು. ಆದರೆ ಬೋಳು ಹೊಲ ನೋಡಿ ಮಾಡುವುದೇನು ಅನ್ನಿಸಿ ಹೋಗಲಿಲ್ಲ. ಶಿವಗಂಗಾ ಒಂದೆರಡು ಸಲ ಕೇಳಿದಳು. ಮುಂದಿನ ವರ್ಷ ನೋಡೋಣವೆಂದು ಅವನು ಪೆಟ್ಟಿಗೆಯನ್ನು ಮತ್ತೆ ಸಜ್ಜದ ಮೇಲಿಟ್ಟ. ಈ ಸಲ ಅವಳು ಅಕ್ಕಿ ಡಬ್ಬಿಯ ಮಾತೆತ್ತಲಿಲ್ಲ.

ಮೂರನೆಯ ಭಾನುವಾರ ಬಿಡುವು ಸಿಕ್ಕಿತು. ಬೆಳಗಿನಿಂದಲೇ ಮೋಡ ಕಟ್ಟಿತ್ತು. ಆ ಸ್ಟ್ಯಾಂಡಿನ ಹಲಗೆಯಾದರೂ ಪಾತ್ರೆ ಇಡಲು ಬರುತ್ತದೆ, ಹೋಗಿ ತನ್ನಿ ಎಂದು ಶಿವಗಂಗಾ ಕಳಿಸಿದಳು. ಯಮನಪ್ಪ ಕೈ ಬೀಸಿಕೊಂಡು ಹೊರಟ.

ಗೋಡೌನಿನ ಮೂಲೆ ತಿರುಗಿದಾಗ ಮೊದಲು ಕಂಡದ್ದು ಅವನು ಎಣಿಸಿದಂತೆಯೇ ಕೂಳೆ. ರಾಗಿ ಕೊಯ್ದ ಹೊಲದಲ್ಲಿ ಅವರೆ ಸಾಲು ಮಾತ್ರ ಹಸಿರಾಗಿ ನಿಂತಿತ್ತು. ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದವನು ಅಲ್ಲೇ ನಿಂತುಬಿಟ್ಟ. ಹೊಂಗೆ ಮರದಿಂದ ಹಿಡಿದು ಪಡುವಣ ಬದುವಿನ ತನಕ, ನಾಲ್ಕು ಮಾರು ಅಗಲದ ಒಂದು ಪಟ್ಟೆ ರಾಗಿ ಹಾಗೇ ಇತ್ತು. ತೆನೆಗಳು ಕಂದಿ ತೂಕಕ್ಕೆ ಬಾಗಿದ್ದವು. ಮರದ ಕೆಳಗೆ ಪಿಳ್ಳಮ್ಮ ತಗಡಿನ ಡಬ್ಬ ಬಡಿಯುತ್ತ ಗುಬ್ಬಿ ಓಡಿಸುತ್ತಿದ್ದಳು. ಅವನನ್ನು ಕಂಡು ಬಡಿಯುವುದನ್ನು ನಿಲ್ಲಿಸಿದಳು.

"ಇವತ್ತಾ ನೀನ್ ಬರೋದು? ಎಲ್ಡ್ ವಾರದಿಂದ ಗುಬ್ಬಿ ಕಾಯ್ತಾ ಕೂತಿವ್ನಿ. ನಮ್ ಸೊಸೆ ನೋಡಿದ್ರೆ ನಗ್ತಾವ್ಳೆ."

ಯಮನಪ್ಪ ಆ ಪಟ್ಟೆಯ ಕಡೆ ಕೈ ತೋರಿಸಿದ. ಯಾಕೆ ಬಿಟ್ಟಿರಿ ಎಂದು ಕೇಳಿದ.

"ಬೀಳ್ಸಿದ್ದು ನಾನಲ್ವಾ? ಎಲ್ಲಾನೂ ಕೊಯ್ದಾಕ್ಬುಟ್ರೆ ನೀನ್ ಏನ್ ನೋಡ್ಕೊಂಡು ಬರೀತೀಯ?"

ಅವಳು ಅದನ್ನು ಬಲು ಸಾಧಾರಣ ವಿಷಯವೆಂಬಂತೆ ಹೇಳಿದಳು. ಯಮನಪ್ಪ ಮುಖ ತಿರುಗಿಸಿಕೊಂಡು ಹೊಂಗೆಯ ಕಡೆ ನೋಡಿದ. ಈ ಒಂಬತ್ತು ವರ್ಷದಲ್ಲಿ ಈ ಊರಿನಲ್ಲಿ ತನಗಾಗಿ ಯಾರಾದರೂ ಏನನ್ನಾದರೂ ತಡೆದು ಇಟ್ಟದ್ದು ಅವನಿಗೆ ನೆನಪಾಗಲಿಲ್ಲ. ಸೀಳಿದ ಕಾಲಿಗೆ ಅವಳು ಹಗ್ಗ ಸುತ್ತಿ ಬಿಗಿದಿದ್ದಳು. ಸ್ಟ್ಯಾಂಡು ನೆಟ್ಟಗೆ ನಿಂತಿತ್ತು.

ಆದರೆ ಇನ್ನು ಕಾಯುವ ಹಾಗಿರಲಿಲ್ಲ. ಮದರಾಸಿನ ಕಡೆ ವಾಯುಭಾರ ಕುಸಿದಿದೆಯೆಂದು ಟಿವಿಯಲ್ಲಿ ಹೇಳಿದ್ದರಂತೆ, ನಾಲ್ಕು ದಿನ ಮಳೆ ಹಿಡಿದರೆ ತೆನೆ ನಿಂತಲ್ಲೇ ಮೊಳಕೆ ಬರುತ್ತದೆ. ಮಧ್ಯಾಹ್ನದೊಳಗೆ ಕೊಯ್ದು ಒಳಗೆ ಹಾಕಬೇಕೆಂದು ಆಳಿಗೆ ಹೇಳಿಕಳಿಸಿದ್ದಳು. ಯಮನಪ್ಪನ ಬರಿಗೈ ನೋಡಿ, ಬಣ್ಣ ಎಲ್ಲಿ ಎಂದು ಕೇಳಿದಳು. ಅವನು ತಿರುಗಿ ಓಡಿದ. ಕೋಣೆಗೆ ಹತ್ತು ನಿಮಿಷದ ದಾರಿ. ಏದುಸಿರು ಬಿಡುತ್ತ ಸಜ್ಜದಿಂದ ಪೆಟ್ಟಿಗೆ ಇಳಿಸುವಾಗ ಶಿವಗಂಗಾ ಏನಾಯಿತೆಂದು ಗಾಬರಿಯಾದಳು. ರಾಗಿ ಇನ್ನೂ ಐತಿ, ಬಂದು ಹೇಳ್ತೀನಿ ಎನ್ನುತ್ತ ಹೊರಟವನು ಬಾಗಿಲಲ್ಲಿ ತಡೆದು, ಕೆಲಸದ ಚೀಲದಿಂದ ಕಿಟಕಿ ಚೌಕಟ್ಟಿಗೆ ಹೊಡೆಯುವ ಒಂದಂಗುಲದ ಬ್ರಷ್ಷನ್ನೂ ತೆಗೆದುಕೊಂಡ.

ಅವನು ಬರುವಷ್ಟರಲ್ಲಿ ಬಾಡಿಗೆ ಕೋಣೆಯ ಸಾಲಿನಿಂದ ಮರೆವ್ವನೂ ಅವಳ ನಾದಿನಿಯೂ ಬಂದಿದ್ದರು. ಸುರಪುರದ ಕಡೆಯ ಮರೆವ್ವ ವಾರವೆಲ್ಲ ಕಟ್ಟಡದ ಕೆಲಸಕ್ಕೆ ಹೋಗುವವಳು, ಭಾನುವಾರ ಹೊಲದ ಕೆಲಸವಿದ್ದರೆ ಕರೆಯುವ ಮೊದಲೇ ಬರುವವಳು. ಮೂವರೂ ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟಿದ್ದರು. ಪಿಳ್ಳಮ್ಮನದು ಮಗ ಕಾರ್ಖಾನೆಗೆ ತೊಡುತ್ತಿದ್ದ ನೀಲಿ ಅಂಗಿ.

"ನಾವು ಆ ತುದಿಯಿಂದ ಕೊಯ್ಕೊಂಡ್ ಬರ್ತೀವಿ," ಅಂದಳು ಪಿಳ್ಳಮ್ಮ. "ನೀನೂ ಆ ತುದಿಯಿಂದ್ಲೇ ಬರ್ಕೊಂಡ್ ಬಾ. ಮರದ ತಾವು ಸೇರೋವಷ್ಟ್ರಲ್ಲಿ ಮುಗಿಸ್ಬುಡು."

ಮೂವರೂ ಸೆರಗು ಬಿಗಿದು ಬಗ್ಗಿದರು. ಕುಡುಗೋಲಿನ ಕರಕರ ಸದ್ದು ಶುರುವಾಯಿತು.

ಯಮನಪ್ಪ ಸ್ಟ್ಯಾಂಡನ್ನು ಮೂಡಣ ಬದುವಿಗೆ ಒಯ್ದು ನಿಲ್ಲಿಸಿದ. ಪೆನ್ಸಿಲನ್ನು ಮುಟ್ಟಲೇ ಇಲ್ಲ. ಕಿಟಕಿ ಬ್ರಷ್ಷನ್ನು ನೀರಿಗದ್ದಿ ಮೇಲಿನ ಅರ್ಧ ಹಾಳೆಯನ್ನು ತೋಯಿಸಿ, ಬೂದಿನೀಲಿ ಕಲಸಿ ಎರಡೇ ಎಳೆತಕ್ಕೆ ಆಕಾಶ ಮುಗಿಸಿದ. ಅದರ ಕೆಳಗೆ ತನ್ನ ಊರಿನ ಗುಡ್ಡದಂಥ ಒಂದು ತೆಳು ಸಾಲು ಎಳೆದ. ಹಳದಿಗೆ ಕಂದು ಸೇರಿಸಿ, ಚೂರು ನೀಲಿ ಬೆರೆಸಿ ರಾಗಿಯ ಬಣ್ಣ ಮಾಡಿಕೊಂಡ. ಗೋಡೆಯ ಮೇಲೆ ಒಂದು ಹನಿ ಇಳಿದರೂ ಮೇಸ್ತ್ರಿಯಿಂದ ಬೈಸಿಕೊಳ್ಳುವ ಕೈ ಅವನದು. ಇಲ್ಲಿ ಗಾಳಿಯಲ್ಲೇ ತೇವವಿತ್ತು, ಬಣ್ಣ ಒಣಗುತ್ತಲೇ ಇರಲಿಲ್ಲ. ರಾಗಿಯ ಕಂದು ಬದುವಿನ ಹಸಿರಿಗೆ ಇಳಿಯಿತು. ತಡೆಯೋಣವೆಂದು ಬಟ್ಟೆ ಹುಡುಕಿದವನು, ಅಷ್ಟರಲ್ಲಿ ಹೆಂಗಸರು ಕಾಲುಭಾಗ ಕೊಯ್ದು ಮುಗಿಸಿದ್ದನ್ನು ಕಂಡು, ಹರಿಯಲಿ ಬಿಡು ಎಂದು ಮುಂದೆ ಹೋದ. ಹರಿದದ್ದು ಹೊಲದ ಹಾಗೇ ಕಂಡಿತು.

ಆಮೇಲೆ ಅವನಿಗೆ ಹೆದರಲು ಪುರುಸೊತ್ತೇ ಆಗಲಿಲ್ಲ. ಅವರು ಕೊಯ್ದಂತೆಲ್ಲ ಕಣ್ಣೆದುರಿನ ರಾಗಿ ಕಡಿಮೆಯಾಗುತ್ತ ಬರುತ್ತಿತ್ತು. ಈಗ ಕಂಡದ್ದು ಇನ್ನೊಂದು ಗಳಿಗೆಗೆ ಇರುತ್ತಿರಲಿಲ್ಲ. ಕಂಡದ್ದನ್ನು ಕಂಡಕೂಡಲೇ ಹಾಳೆಗೆ ಹಾಕುತ್ತ ಹೋದ. ನಡುವೆ ಒಮ್ಮೆ ಮರೆವ್ವ ಸೊಂಟ ನೆಟ್ಟಗೆ ಮಾಡಿ, ಎಲ್ಲಿಗೆ ಬಂತಣ್ಣಾ ಎಂದು ಕೇಳಿದಳು. ನಿಮ್ಮ ಹಿಂದ ಅದೀನಿ ನಡೀರಿ ಅಂದ. ಮೂವರನ್ನೂ ಬ್ರಷ್ಷಿನ ಮೂರು ಒತ್ತಿನಲ್ಲಿ ಕೂರಿಸಿದ. ನೀಲಿ ಒಂದು, ಬಿಳಿಚಿದ ಹಸಿರು ಒಂದು, ಕಂದು ಒಂದು. ಕೊನೆಗೆ ಹೊಂಗೆ. ಅದರ ಎಲೆಗೆ ಕಡುಹಸಿರು ಇಡುವಾಗ ಅವರು ಮರದ ಬುಡಕ್ಕೆ ಬಂದಿದ್ದರು.

ದಪ್ಪ ಹನಿ ಉದುರತೊಡಗಿದವು. ಯಮನಪ್ಪ ಹಲಗೆಯನ್ನು ಎದೆಗೆ ಮರೆಮಾಡಿಕೊಂಡು ಹೆಂಚಿನ ಮನೆಯ ಜಗಲಿಗೆ ಓಡಿ, ಬಾಗಿಲಲ್ಲಿ ನಿಂತಿದ್ದ ಪಿಳ್ಳಮ್ಮನ ಸೊಸೆ ಶ್ಯಾಮಲಾಳ ಕೈಗೆ ಕೊಟ್ಟು ಮತ್ತೆ ಹೊಲಕ್ಕೆ ಹೋದ. ನಾಲ್ವರೂ ಸೇರಿ ರಾಗಿ ಹೊರೆ ಹೊತ್ತರು. ಕೊನೆಯ ಹೊರೆಯನ್ನು ಕೊಟ್ಟಿಗೆಗೆ ಹಾಕಿ ಟಾರ್ಪಾಲು ಎಳೆಯುವಾಗ ಮಳೆ ಸುರಿಯಿತು. ಎಲ್ಲರ ತಲೆಯಲ್ಲೂ ರಾಗಿ ಹೊಟ್ಟು, ಕುತ್ತಿಗೆಯಲ್ಲಿ ತುರಿಕೆ. ಶ್ಯಾಮಲಾ ಬಿಸಿಬಿಸಿ ಕಾಫಿ ಕೊಟ್ಟಳು. ಅತ್ತೆಯ ಹುಚ್ಚಾಟಕ್ಕೆ ಎರಡು ವಾರ ನಕ್ಕವಳು ಚಿತ್ರವನ್ನು ಗೋಡೆಗೆ ಒರಗಿಸಿ, ಒದ್ದೆ ಕೈಯಲ್ಲಿ ಯಾರೂ ಮುಟ್ಟಬೇಡಿ ಎಂದು ಕಾವಲು ಕೂತಿದ್ದಳು.

ಪಿಳ್ಳಮ್ಮ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ನೋಡಿದಳು. ಬಹಳ ಹೊತ್ತು ನೋಡಿದಳು. ನೀಲಿ ಒತ್ತನ್ನು ತೋರಿಸಿ, ಇದು ನಾನಾ, ಬಗ್ಗೇ ಇದ್ದೀನಲ್ಲ ಅಂದಳು. ಕೊಯ್ಯುವಾಗ ಬಗ್ಗಿಯೇ ಇದ್ದಿರಲ್ಲ ಎಂದು ಯಮನಪ್ಪ ಹೇಳಿದ. ಅದು ಸರಿಯೆಂದು ತಲೆದೂಗಿದಳು. ಆಮೇಲೆ ಬೆರಳು ಮೇಲೆ ಹೋಯಿತು.

"ಇದೇನಿದು?"

"ಗುಡ್ಡಾರೀ ಅಮ್ಮಾರ."

"ಇಲ್ಲೆಲ್ಲೈತೆ ಗುಡ್ಡ?"

ಯಮನಪ್ಪ ನಕ್ಕ. ಆ ಜಾಗದಲ್ಲಿ ನಾನೇ ಬಣ್ಣ ಬಳಿದ ಅಪಾರ್ಟ್‌ಮೆಂಟು ಇತ್ತು, ಅದನ್ನು ಹಾಕಿದರೆ ಹಳ್ಳಿಯ ಚಿತ್ರ ಕೆಡುತ್ತದೆಂದು ಬಿಟ್ಟೆ, ನಮ್ಮ ಊರಿನ ಗುಡ್ಡ ಇಟ್ಟೆ ಅಂದ. ಪಿಳ್ಳಮ್ಮ ಅವನ ಮುಖ ನೋಡಿದಳು. ಆ ಕಟ್ಟಡದ ಮೇಲೆ ಅವಳಿಗೇನೂ ಪ್ರೀತಿ ಇರಲಿಲ್ಲ. ಹೊಲದ ಅಂಚು ಹೋದದ್ದೇ ಅದರ ದಾರಿಗೆ. ಆದರೂ ಅಂದಳು:

"ಒಂದ್ ತಿಂಗ್ಳು ಅದ್ರ ಮೇಲೆ ನೇತಾಡ್ಕೊಂಡು ಬಣ್ಣ ಬಳ್ದೋನು ನೀನು. ನೀನ್ ಮಾಡಿದ್ ಕೆಲ್ಸಾನ ನೀನೇ ಬುಟ್ರೆ ಇನ್ಯಾರಪ್ಪಾ ಬರೀತಾರೆ? ಇರೋದ್ನ ಬರಿ."

ಯಮನಪ್ಪ ತಲೆ ಎತ್ತಿದ. ಹೊರಗೆ ಮಳೆಯ ಆಚೆಗೆ ಆ ಪೂರ್ವದ ಗೋಡೆ ನೆನೆಯುತ್ತ ನಿಂತಿತ್ತು. ಯಮನಪ್ಪ ಅದನ್ನು ಇಷ್ಟು ದೂರದಿಂದ, ಸುಮ್ಮನೆ ಕೂತು, ಎಂದೂ ನೋಡಿರಲಿಲ್ಲ. ಹನ್ನೊಂದು ಅಂತಸ್ತು, ಎಲ್ಲೂ ಕಲೆಯಿಲ್ಲ, ಬಣ್ಣದ ಜೋಡಣೆಯ ಗೆರೆ ಕಾಣುತ್ತಿಲ್ಲ. ಒಳ್ಳೆಯ ಕೆಲಸ. ಹೀಗೆಂದು ಮೇಸ್ತ್ರಿಯಾಗಲಿ ಎಂಜಿನಿಯರ್ ಸಾರಾಗಲಿ ಹೇಳಿರಲಿಲ್ಲ. ಅವನಿಗೂ ಈ ತನಕ ಅನ್ನಿಸಿರಲಿಲ್ಲ.

ಪೆಟ್ಟಿಗೆ ತೆರೆದ. ಆ ಗೋಡೆಯ ಬಣ್ಣದ ಶೇಡ್ ಸಂಖ್ಯೆ ಅವನಿಗೆ ಬಾಯಿಪಾಠವಾಗಿತ್ತು. ಅದರಲ್ಲಿ ಯಾವುದು ಎಷ್ಟು ಬೀಳುತ್ತದೆಂಬುದು ಕೈಗೇ ಗೊತ್ತಿತ್ತು. ಕೆನೆಬಣ್ಣಕ್ಕೆ ಮಳೆಯ ಬೂದು ಸೇರಿಸಿ, ಕಿಟಕಿ ಬ್ರಷ್ಷಿನಿಂದ ಗುಡ್ಡದ ಮೇಲೆ ನೇರವಾಗಿ ಕಟ್ಟಡ ಇಳಿಸಿದ. ಒಂದು ಪಕ್ಕದಲ್ಲಿ ಗುಡ್ಡದ ತುದಿ ಚೂರು ಉಳಿಯಿತು. ಅದು ಇದ್ದರೆ ಇರಲಿ, ಮೋಡದ ಹಾಗೆ ಕಾಣುತ್ತದೆ ಎಂದಳು ಶ್ಯಾಮಲಾ. ಕಟ್ಟಡ ಬಂದ ಮೇಲೆ ಹೊಲ ಸಣ್ಣದಾಗಲಿಲ್ಲ. ಅದರ ಕಂದು ಬಣ್ಣ ಇನ್ನಷ್ಟು ಬೆಚ್ಚಗಾಯಿತು, ಹೆಂಗಸರು ಇನ್ನಷ್ಟು ಹತ್ತಿರ ಬಂದರು. ಈಗ ಅದು ಎಲ್ಲೋ ಇರುವ ಹಳ್ಳಿಯಾಗಿರಲಿಲ್ಲ.

ಯಮನಪ್ಪ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಪಿಳ್ಳಮ್ಮನಿಗೆ ಚಾಚಿದ. ಇದು ನಿಮ್ಮದು, ಎರಡು ವಾರ ಕಾದವರು ನೀವು ಅಂದ. ಅವಳು ತೆಗೆದುಕೊಳ್ಳಲಿಲ್ಲ.

"ನಂಗ್ಯಾಕಪ್ಪಾ? ಬಾಗ್ಲು ತೆಗೆದ್ರೆ ಇಲ್ಲೇ ಐತಲ್ಲ. ನಿನ್ನೆಂಡ್ರಿಗೆ ತೋರ್ಸೋಗು."

ಶಿವಗಂಗಾ ಚಿತ್ರವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದುಕೊಂಡು ನಡೆದದ್ದನ್ನೆಲ್ಲ ಕೇಳಿದಳು. ಕೂಳೆ ಕಂಡದ್ದು, ಡಬ್ಬ ಬಡಿಯುತ್ತಿದ್ದದ್ದು, ಗುಡ್ಡದ ಮಾತು. ಕೇಳುತ್ತ ಕೇಳುತ್ತ ಒಮ್ಮೆ ನಕ್ಕಳು, ಒಮ್ಮೆ ಸೆರಗಿನಿಂದ ಮೂಗು ಒರೆಸಿಕೊಂಡಳು. ನಂತರ ಹಾಳೆಯ ಅಂಚಿನುದ್ದಕ್ಕೂ ಬೆರಳು ಆಡಿಸುತ್ತ ಏನನ್ನೋ ಹುಡುಕತೊಡಗಿದಳು.

"ಆ ಬಾಡಿಗಿ ಖೋಲಿಗೋಳು ಎಲ್ಲಿ ಬರ್ತಾವ್ರಿ ಇದರಾಗ?"

"ಇದರಾಗ ಬರೂದಿಲ್ಲ. ಎಡಕ್ಕ ಹೊರಗ ಉಳದಾವು."

"ಹಂಗಾರ ಮುಂದಿನ ಸಲ ಆ ಕಡೆ ಮಾರಿ ಮಾಡಿ ಕುಂದರ್ರಿ. ನಾನೂ ಬರ್ತೀನಿ. ಇಷ್ಟ ಮಂದಿ ಅದೀವಿ, ನಮ್ಮಂಥವರ ಮನಿಗೋಳು ಒಂದರಾಗರೆ ಬರಬೇಕು."

ಮಳೆ ಗುರುವಾರದ ತನಕ ಹಿಡಿದು ಬಿಟ್ಟಿತು. ಭಾನುವಾರ ಬಿಸಿಲು ಬಂತು. ಗಂಡ ಹೆಂಡತಿ ಇಬ್ಬರೂ ಹೊಲಕ್ಕೆ ಹೋದರು. ಪಿಳ್ಳಮ್ಮ ಶಿವಗಂಗಾಳನ್ನು ಮೇಲಿಂದ ಕೆಳಗೆ ನೋಡಿ, ಯಾವ ಊರು, ತಾಯಿ ತಂದೆ ಇದ್ದಾರಾ ಎಂದೆಲ್ಲ ವಿಚಾರಿಸಿ, ಅವರೆ ಸಾಲಿನ ಕಡೆ ಕರೆದುಕೊಂಡು ಹೋಗಿ ಎಳೆ ಕಾಯಿ ಬಿಡಿಸಿ ಮಡಿಲಿಗೆ ಹಾಕಿದಳು. ಸ್ಟ್ಯಾಂಡು ಎಲ್ಲಿಡಬೇಕೆಂಬುದನ್ನೂ ಅವಳೇ ಹೇಳಿದಳು. ಅಲ್ಲಿ ಇರುವೆ ಗೂಡಿದೆ, ಇಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಈ ಕಲ್ಲಿನ ಪಕ್ಕ ಇಡು. ಯಮನಪ್ಪ ಅಲ್ಲೇ ಇಟ್ಟ. ಎದುರಿಗೆ ಕೂಳೆಯ ಹೊಲ, ಹಸಿರು ಅವರೆ, ಅದರಾಚೆ ಹದಿನಾಲ್ಕು ಕೋಣೆಗಳ ಉದ್ದ ಸಾಲು. ಕೋಣೆಗಳ ಮುಂದೆ ಈ ತುದಿಯಿಂದ ಆ ತುದಿಗೆ ತಂತಿ ಎಳೆದು ಬಟ್ಟೆ ಒಣಹಾಕಿದ್ದರು.

ಮರೆವ್ವ ಬಾಗಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಸ್ಟ್ಯಾಂಡು ತಮ್ಮ ಕಡೆ ತಿರುಗಿದ್ದನ್ನು ನೋಡಿ ಎದ್ದು ನಿಂತಳು. ಅವನು ಬ್ರಷ್ಷು ಅದ್ದುವಷ್ಟರಲ್ಲಿ ಕೈ ಎತ್ತಿ ತಡೆದಳು.

"ಒಂದ ಗಳಿಗಿ ತಡಿ ಯಣ್ಣಾ."

ತಂತಿಯ ಮೇಲಿದ್ದ ಹರಕು ದುಪ್ಪಟಿಯನ್ನು ಎಳೆದುಕೊಂಡು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಕೆಂಪು ಸೆರಗಿನ ಇಳಕಲ್ ಸೀರೆ ಇತ್ತು. ಅದನ್ನು ಕೊಡವಿ, ಸೆರಗು ಹೊಲದ ಕಡೆ ಬರುವ ಹಾಗೆ ತಂತಿಯ ಮೇಲೆ ಹರಡಿದಳು. ಅದನ್ನು ನೋಡಿ ಪಕ್ಕದ ಕೋಣೆಯವಳೂ ಒಳಗೆ ಹೋದಳು. ಅವಳ ಹಿಂದೆ ಮತ್ತೊಬ್ಬಳು.

ಯಮನಪ್ಪ ಕಾದ. ಹಾಗೇ ಕಾಯುತ್ತ, ಪೆಟ್ಟಿಗೆಯಲ್ಲಿ ಈವರೆಗೆ ಯಾರೂ ತೆರೆಯದೆ ಇದ್ದ ಕೆಂಪು ಟ್ಯೂಬನ್ನು ಹುಡುಕಿ ತೆಗೆದು ಮುಚ್ಚಳ ಬಿಚ್ಚಿದ.